ಬೈಸ್ಕೊಂಡವರ ಪಕ್ಕದಾಗ ಕುಂತವರು

ಎಲ್ಲಾರಿಗೂ ನಮಸ್ಕಾರ್ರಿ. ಇವತ್ತು ನಾ ಮಾತಾಡೋದು ನಾಲ್ಕು ಮಂದಿ ಕಡಿಂದ ಕೆಲಸ ತಗೊಳ್ಳೋರ ಜೊತಿ. ರೈಸ್ ಮಿಲ್ ಮೇಸ್ತ್ರಿ ಇರಬಹುದು, ವಾರ್ಡ್ ಇನ್‌ಚಾರ್ಜ್ ಸಿಸ್ಟರ್ ಇರಬಹುದು, ಹೆಡ್‌ಮಾಸ್ಟರ್ರು, ಗ್ಯಾರೇಜ್ ಮಾಲಕರು, ಯಾರಾದ್ರೂ. ಹೇಳೋದು ಒಂದೇ ಮಾತು, ಆದ್ರ ಮತ್ತ ಮತ್ತ ಹೇಳ್ತೀನಿ, ಬ್ಯಾಸರ ಮಾಡ್ಕೋಬ್ಯಾಡ್ರಿ. ಎಲ್ಲರ ಮುಂದ ಒಬ್ಬರಿಗೆ ಬೈದ್ರ ಬೈಸ್ಕೊಂಡವರ ಕೆಲಸ ಅಷ್ಟ ಅಲ್ಲ, ನೋಡ್ಕೊಂತ ಕುಂತವರ ಕೆಲಸಾನೂ ಕೆಡ್ತೈತಿ. ಅದರಾಗೂ ಮನಸ್ಸು ಮೆತ್ತಗಿರೋರು, ಇನ್ನೊಬ್ಬರ ಸಂಕಟ ಕಂಡ್ರ ತಡ್ಕೊಳ್ಳಾಕ ಆಗದೋರು ಇರ್ತಾರಲ್ಲ, ಅವರದು ಇನ್ನೂ ಜಾಸ್ತಿ ಕೆಡೋದು ನಾ ಕಂಡೀನಿ.

ನೋಡ್ಕೊಂತ ಕುಂತವರ ಕೆಲಸ ಕೆಡ್ತೈತಿ ಅನ್ನೋದು ನನ್ನ ಕಲ್ಪನಾ ಅಲ್ರಿ. ಅಮೆರಿಕಾದಾಗ ಕ್ರಿಸ್ಟೀನ್ ಪೊರಾಥ್, ಅಮೀರ್ ಎರೆಜ್ ಅಂತ ಇಬ್ಬರು ಸಂಶೋಧಕರು 2009ರಾಗ ಇದನ್ನ ತೋರಿಸ್ಯಾರ. ಪ್ರಯೋಗಕ್ಕ ಬಂದ ವಿದ್ಯಾರ್ಥಿಗಳ ಎದುರಿಗೆ, ತಡಾ ಮಾಡಿ ಬಂದ ಒಬ್ಬನಿಗೆ ಬೈಯೋ ಹಂಗ ಮಾಡಿದ್ರು, ಆಮ್ಯಾಲೆ ಉಳಿದವರಿಗೆ ಅಕ್ಷರ ಜೋಡಿಸೋ ಆಟ ಕೊಟ್ರು, ಒಂದು ಇಟ್ಟಂಗಿಯಿಂದ ಏನೇನು ಮಾಡಬಹುದು ಹೇಳ್ರಿ ಅಂದ್ರು. ಬೈಗುಳ ಬರೇ ಕೇಳಿಸ್ಕೊಂಡವರು ಎರಡರಾಗೂ ಹಿಂದ ಬಿದ್ರು.

ಬಳ್ಳಾರಿಯೊಳಗ ಜೀನ್ಸ್ ಹೊಲಿಯೋ ಯೂನಿಟ್ ಎಷ್ಟದಾವು ನಿಮಗ ಗೊತ್ತೈತಿ. ಅಂಥಾದ್ದೊಂದರಾಗ ನಾ ಕುಂತು ನೋಡಿದ್ದು ಹೇಳ್ತೀನಿ. ಒಬ್ಬ ಹೆಲ್ಪರ್ ಹುಡುಗ, ಮೀಸಿ ಇನ್ನೂ ಸರಿಯಾಗಿ ಬಂದಿಲ್ಲ, 32ರ ಸೈಜಿನ ಬಂಡಲ್ಲು 34ರದ್ರಾಗ ಸೇರಿಸಿಬಿಟ್ಟಿದ್ದ. ಸೂಪರ್‌ವೈಸರ್ ಬಂದು ಬೈಯಾಕ ಹತ್ತಿದ್ರು. ತಪ್ಪಿಗೆ ಬೈದ್ರ ಬ್ಯಾರೆ, ಅವರು ಹುಡುಗನ ಅಪ್ಪ ಅವ್ವನ್ನೂ ಎಳ್ಕೊಂಡು ಬಂದ್ರು. ಹುಡುಗ ಕೈಯಾಗಿನ ಕತ್ತರಿ ಕೆಳಗ ಇಡದಂಗ ತಲಿ ತಗ್ಗಿಸಿ ನಿಂತಿದ್ದ. ಪಕ್ಕದಾಗ ಇಬ್ಬರು ಹಿಂದಿನ ಪಾಕೆಟ್ ಕೂಡಿಸ್ತಿದ್ರು. ಒಬ್ಬರು ವಯಸ್ಸಾದ ಅಣ್ಣ, ಇಂಥವು ದಿನಾ ಇರೋವ ಅನ್ನೋ ಹಂಗ ಮಷಿನ್ ತುಳೀತಿದ್ರು, ಅವರ ಪೀಸ್ ಎಲ್ಲಾ ನೆಟ್ಟಗ ಬಂದ್ವು. ಇನ್ನೊಬ್ಬಾಕಿ ಅಕ್ಕ, ಆಕೀನೂ ಮಷಿನ್ ನಿಲ್ಲಿಸಲಿಲ್ಲ, ತಲಿ ಎತ್ತಿ ನೋಡಲಿಲ್ಲ, ಆದ್ರ ಚಾಕ್‌ಪೀಸಿನ ಗುರುತು ಬಿಟ್ಟು ಪಾಕೆಟ್ ಒಂದೊಂದ ಸೊಟ್ಟ ಹೊಲ್ಕೊಂತ ಹೋದ್ರು. ಚೆಕಿಂಗ್‌ನಿಂದ ಪೀಸ್ ವಾಪಸ್ ಬಂದ್ವು. ಜೀನ್ಸ್ ಬಟ್ಟಿ ನಿಮಗ ಗೊತ್ತಲ್ಲ, ಹೊಲಿಗಿ ಬಿಚ್ಚಿದ್ರೂ ಸೂಜಿ ತೂತು ಕಾಣ್ತಾವ, ಮ್ಯಾಲೆ ಪೀಸ್ ರೇಟಿನ ಕೆಲಸ, ಬಿಚ್ಚೋ ಟೈಮಿಗೆ ಯಾರೂ ರೊಕ್ಕ ಕೊಡಂಗಿಲ್ಲ. ಸೂಪರ್‌ವೈಸರ್ ಆಕಿಗೆ ಕೇಳಿದ್ರು, "ನಿನಗೇನಾತವ್ವ, ನಿನಗೇನೂ ಅಂದಿಲ್ಲಲ್ಲ ನಾನು?" ಆಕಿ ಏನೂ ಮಾತಾಡಲಿಲ್ಲ. ಆಮ್ಯಾಲೆ ಊಟದ ಹೊತ್ತಿನಾಗ ನಾ ಕೇಳಿದಾಗ ಹೇಳಿದ್ರು: "ಆ ಹುಡುಗ ಈಗ ಊಟ ಮಾಡ್ತಾನೋ ಇಲ್ಲೋ, ನಾಳೆ ಕೆಲಸಕ್ಕ ಬರ್ತಾನೋ ಇಲ್ಲೋ ಅಂತ ಅದ ತಿರುಗ್ತಿತ್ತ್ರಿ ತಲಿಯಾಗ."

ಅದ ನೋಡ್ರಿ ಕಾರಣ. ನಮ್ಮ ತಲಿ ಒಮ್ಮೆಗೆ ಹಿಡ್ಕೊಳ್ಳೋದು ಮೂರು ನಾಲ್ಕು ವಿಷಯ ಮಾತ್ರ, ಇದಕ್ಕ ವರ್ಕಿಂಗ್ ಮೆಮರಿ ಅಂತಾರ. ಆಕಿ ತಲಿಯಾಗ ಆ ಹುಡುಗ ಬಂದು ಕುಂತ, ಚಾಕ್‌ಪೀಸಿನ ಗುರುತು ಹೊರಗ ಹೋತು. ಆಕಿ ಕೆಲಸದಾಗ ಕಮ್ಮಿ ಇದ್ದಾಕಿ ಅಲ್ರಿ, ಬ್ಯಾರೆ ದಿನ ಆಕಿ ಹೊಲಿಗಿ ನೋಡಿ ಹೊಸಬರು ಕಲೀತಾರ. ಇನ್ನೊಬ್ಬರ ಮನಸ್ಸು ತಿಳ್ಕೊಳ್ಳೋ ಮಂದೀನ ನೀವು 'ಸೂಕ್ಷ್ಮ ಭಾಳ, ಕೆಲಸಕ್ಕ ಆಗಂಗಿಲ್ಲ' ಅಂತ ಪಕ್ಕಕ್ಕ ಇಡ್ತೀರಿ, ನನಗ ಅದ ಸಿಟ್ಟು ಬರೋದು. ಆಸ್ಪತ್ರ್ಯಾಗ ರೋಗಿ ಮಾತು ಕೇಳೋರು ಅವರ, ಸಾಲಿಯೊಳಗ ಹಿಂದಿನ ಬೆಂಚಿನ ಮಕ್ಕಳ್ನ ಗಮನಿಸೋರು ಅವರ.

ಇಸ್ರೇಲ್‌ದಾಗ 24 ತಂಡ ಡಾಕ್ಟರ್ ನರ್ಸ್‌ಗಳ ಮ್ಯಾಲೆ ಮಾಡಿದ ಅಧ್ಯಯನ 2015ರಾಗ ಬಂತು. ದಿನ ತುಂಬದ ಕೂಸಿಗೆ ಸೀರಿಯಸ್ ಆದಂಗ ತಾಲೀಮು, ಹೊರಗಿಂದ ಬಂದ ತಜ್ಞ ಕೆಲವು ತಂಡಗಳಿಗೆ ಸ್ವಲ್ಪ ಹಗುರ ಮಾತಾಡಿದ, ಅದೂ ಅವರ ಅವತ್ತಿನ ಕೆಲಸಕ್ಕ ಸಂಬಂಧ ಇಲ್ಲದ ಮಾತು. ಅಷ್ಟಕ್ಕ ರೋಗ ಗುರುತಿಸೋದೂ ಕೆಡ್ತು, ಚಿಕಿತ್ಸಾನೂ ಕೆಡ್ತು, ಒಬ್ಬರಿಗೊಬ್ಬರು ವಿಷಯ ಹೇಳೋದು, ಸಹಾಯ ಕೇಳೋದು ಕಮ್ಮಿ ಆತು. ಬೈಗುಳ ಬ್ಯಾಡ, ಹಗುರ ಮಾತಿಗೇ ಹಿಂಗ.

ಟೈಮ್ ಆಗಾಕ ಬಂತು, ಉಳಿದದ್ದು ಲಗೂ ಹೇಳ್ತೀನಿ. ತಪ್ಪು ಹೇಳೋದಿದ್ರ ಹೇಳ್ರಿ, ಹೇಳಾಕ ಬೇಕು, ಆದ್ರ ಪಕ್ಕಕ್ಕ ಕರ್ದು ಹೇಳ್ರಿ, ನೋಡೋ ಮಂದಿ ಕೆಲಸ ಕೆಡ್ತೈತಿ. ಎಲ್ಲರ ಮುಂದ ಬೈದಾಗಿತ್ತು ಅಂದ್ರ ಎಲ್ಲರ ಮುಂದ ಹೋಗಿ 'ನಾ ಹಂಗ ಅನ್ನಬಾರದಿತ್ತು' ಅನ್ರಿ, ನಿಮ್ಮ ಮರ್ಯಾದಿ ಏನೂ ಹೋಗಂಗಿಲ್ಲ. ಇನ್ನ ಆ ಮೆತ್ತನ ಮನಸ್ಸಿನವರು ಕೇಳ್ತಿದ್ರ, ಅಂಥ ಜಗಳ ನೋಡಿದ ಮ್ಯಾಲೆ ಸ್ವಲ್ಪ ಹೊತ್ತು ರೊಕ್ಕ ಎಣಿಸೋದಿದ್ರ ಎರಡು ಸಲ ಎಣಿಸ್ರಿ, ಇಂಜೆಕ್ಷನ್ ಡೋಸ್ ಇದ್ರ ಎರಡು ಸಲ ಓದ್ರಿ, ಪಕ್ಕದವರಿಗೂ ಒಂದ್ಸಲ ತೋರಿಸ್ರಿ. ನಮಸ್ಕಾರ್ರಿ.