ದಪ್ಪ ಫೋಮ್ ಹಾಕಿದರೆ ನೆಲ ಸಮ ಆಗುವುದಿಲ್ಲ!

ನಮಸ್ಕಾರ ಎಲ್ಲರಿಗೂ. ಇವತ್ತು ಬೇರೆ ವಿಷಯ ಮಾತಾಡಬೇಕಿತ್ತು. ಅದನ್ನು ಪಕ್ಕಕ್ಕಿಟ್ಟಿದ್ದೇನೆ. ಹೋದ ವಿಡಿಯೋ ಕೆಳಗೆ ಒಂದು ಕಾಮೆಂಟ್ ಬಂದಿದೆ. "ಸರ್, ರೂಮಿನ ನೆಲ ಸ್ವಲ್ಪ ಏರುಪೇರಿದೆ. 5 ಎಂಎಂ ಫೋಮ್ ಹಾಸಿ ಅದರ ಮೇಲೆ ವಿನೈಲ್ ಟೈಲ್ ಕೂರಿಸಿದರೆ ಸರಿಹೋಗುತ್ತೆ ಅಲ್ವಾ?" ಕೇಳಿದ್ದು ತಪ್ಪಲ್ಲ, ಕೇಳಲೇಬೇಕು. ಆದರೆ ಅದರ ಕೆಳಗೆ ಯಾರೋ ಉತ್ತರ ಕೊಟ್ಟಿದ್ದಾರೆ: "ಹಾಕಿ, ದಪ್ಪ ಇದ್ದಷ್ಟೂ ಒಳ್ಳೆಯದು." ಅದಕ್ಕೆ ಸಾಲು ಸಾಲು ಲೈಕ್ ಬೇರೆ!

ಇಲ್ಲ. ದಪ್ಪ ಇದ್ದಷ್ಟೂ ಒಳ್ಳೆಯದಲ್ಲ. ವಿನೈಲ್ ವಿಷಯದಲ್ಲಿ ದಪ್ಪ ಇದ್ದಷ್ಟೂ ಕೆಟ್ಟದ್ದು.

ಯಾಕೆ ಅಂತ ಹೇಳುತ್ತೇನೆ. ಒಂದು ಕ್ಲಿಕ್ ವಿನೈಲ್ ಟೈಲ್, ಅಂದರೆ ಗಮ್ ಇಲ್ಲದೆ ಅಂಚಿಗೆ ಅಂಚು ಸಿಕ್ಕಿಸುವ ಪ್ಲಾಸ್ಟಿಕ್ ಟೈಲ್, ಕೈಗೆ ತಗೊಳ್ಳಿ. ಅಂಚು ನೋಡಿ. ಒಂದು ಕಡೆ ನಾಲಿಗೆ, ಇನ್ನೊಂದು ಕಡೆ ಅದು ಕೂರುವ ತೋಡು. ಟೈಲ್ ಇರುವುದೇ 4-5 ಎಂಎಂ ದಪ್ಪ. ಅದರಲ್ಲಿ ಆ ಲಾಕಿನ ತುಟಿ 2 ಎಂಎಂ ಕೂಡ ಇರುವುದಿಲ್ಲ. ಬೆರಳಿಂದ ಜೋರಾಗಿ ಒತ್ತಿದರೆ ಮುರಿಯುತ್ತದೆ. ಇಡೀ ನೆಲ ಒಂದಕ್ಕೊಂದು ಹಿಡಿದುಕೊಂಡಿರುವುದು ಆ ತುಟಿಯಿಂದಲೇ. ಈಗ ಅದರ ಕೆಳಗೆ ಮೆತ್ತನೆಯ ಫೋಮ್ ಇದೆ ಅಂದುಕೊಳ್ಳಿ. ಕಾಲಿಟ್ಟರೆ ಒಂದು ಟೈಲ್ ಕೆಳಗೆ ಹೋಗುತ್ತದೆ, ಪಕ್ಕದ್ದು ಅಲ್ಲೇ ಇರುತ್ತದೆ. ಕಾಲೆತ್ತಿದರೆ ಮತ್ತೆ ಮೇಲೆ ಬರುತ್ತದೆ. ಬೆಳಿಗ್ಗೆಯಿಂದ ರಾತ್ರಿವರೆಗೆ ಇದೇ ಕಥೆ. ಮೊದಲು ಕಿರ್ ಅನ್ನುವ ಶಬ್ದ. ಆಮೇಲೆ ಜಾಯಿಂಟಿನಲ್ಲಿ ಕೂದಲೆಳೆಯಷ್ಟು ಸಂದು. ಆ ಸಂದಿಗೆ ಒರೆಸಿದ ನೀರಿನ ಕೊಳೆ ಸೇರಿ ಕಪ್ಪು ಗೆರೆ. ಆಮೇಲೆ ಲಾಕ್ ಮುರಿಯುತ್ತದೆ. ಬೈಯುವುದು ಟೈಲ್ ಕಂಪನಿಯನ್ನು!

"ಲ್ಯಾಮಿನೇಟ್‌ಗೆ 3 ಎಂಎಂ ಫೋಮ್ ಹಾಕುತ್ತಾರಲ್ಲ?" ಹಾಕುತ್ತಾರೆ. ಲ್ಯಾಮಿನೇಟ್ ಅಂದರೆ 7ರಿಂದ 12 ಎಂಎಂ ದಪ್ಪದ, ಮರದ ನಾರು ಒತ್ತಿ ಮಾಡಿದ ಗಟ್ಟಿ ಹಲಗೆ. ಅದು ಸುಲಭಕ್ಕೆ ಬಾಗುವುದಿಲ್ಲ. ವಿನೈಲ್ ಬೇರೆ ಜಾತಿ. ಕ್ಲಿಕ್ ವಿನೈಲ್‌ಗೆ ಕೆಳಗೆ ಹಾಸಲು ಸಾಮಾನ್ಯವಾಗಿ 1ರಿಂದ 1.5 ಎಂಎಂ ಮ್ಯಾಟ್ ಸಾಕು. ಅದೂ ಒತ್ತಿದರೆ ಅಮುಕಿಕೊಳ್ಳದ ಗಟ್ಟಿ ಮ್ಯಾಟ್. ಯುರೋಪಿನ ಪದ್ಧತಿಯ ಪ್ಯಾಕೆಟ್ ಆಗಿದ್ದರೆ ಅದರ ಮೇಲೆ "ಸಿಎಸ್" ಅಂತ ಒಂದು ಅಂಕಿ ಇರುತ್ತದೆ, ಕಿಲೋಪಾಸ್ಕಲ್ ಲೆಕ್ಕದಲ್ಲಿ. ಎಷ್ಟು ಒತ್ತಡ ತಡೆಯುತ್ತದೆ ಅನ್ನುವ ಅಂಕಿ ಅದು. ವಿನೈಲ್‌ಗೆ ಅಂತಲೇ ಮಾಡಿದ ಮ್ಯಾಟ್‌ನಲ್ಲಿ 200, 400 ಅಂತೆಲ್ಲ ಕಾಣುತ್ತದೆ. ಅಗ್ಗದ ಬಿಳಿ ಫೋಮ್ ಅದರ ಹತ್ತಿರಕ್ಕೂ ಬರುವುದಿಲ್ಲ. ದಪ್ಪ ನೋಡಬೇಡಿ, ಗಟ್ಟಿತನ ನೋಡಿ.

ಇನ್ನೊಂದು ಮುಖ್ಯ ವಿಷಯ. ಟೈಲ್ ತಿರುಗಿಸಿ ನೋಡಿ. ಎಷ್ಟೋ ಎಸ್‌ಪಿಸಿ ಟೈಲ್‌ಗಳ (ಕಲ್ಲಿನ ಪುಡಿ, ಪ್ಲಾಸ್ಟಿಕ್ ಸೇರಿಸಿ ಮಾಡಿದ ಗಟ್ಟಿ ವಿನೈಲ್ ಟೈಲ್) ಬೆನ್ನಿಗೆ ಮ್ಯಾಟ್ ಮೊದಲೇ ಅಂಟಿಸಿರುತ್ತಾರೆ. ಹಾಗಿದ್ದರೆ ಕಂಪನಿ ಹಾಕಿ ಅಂತ ಬರೆದಿಲ್ಲದ ಹೊರತು ಇನ್ನೊಂದು ಹಾಕಲೇಬೇಡಿ. ಹೆಚ್ಚಿನ ಕಂಪನಿಗಳ ವಾರಂಟಿ ಅಲ್ಲಿಗೇ ಮುಗಿಯುತ್ತದೆ. ಗಮ್ ಹಾಕಿ ಅಂಟಿಸುವ ಟೈಲ್, ಹಿಂದಿನ ಕಾಗದ ಕಿತ್ತು ಅಂಟಿಸುವ ಟೈಲ್ ಇವೆಯಲ್ಲ, ಅವಕ್ಕೆ ಫೋಮ್ ಪ್ರಶ್ನೆಯೇ ಇಲ್ಲ. ಅವು ಗಟ್ಟಿ ನೆಲಕ್ಕೇ ಅಂಟಬೇಕು. ಕೆಳಗೆ ಮರದ ನೆಲ ಇದ್ದರೆ 6 ಎಂಎಂ ಪ್ಲೈವುಡ್ ಹೊಡೆದು, ಸ್ಕ್ರೂ ತಲೆ ಒಳಗಿಳಿಸಿ, ಸಂದುಗಳಿಗೆ ಪುಟ್ಟಿ ತುಂಬಿ ಉಜ್ಜಬೇಕು. ಇಲ್ಲದಿದ್ದರೆ ಕೆಳಗಿನ ಒಂದು ಮರಳ ಕಣ ಕೂಡ ಮೇಲೆ ಉಬ್ಬಾಗಿ ಕಾಣುತ್ತದೆ.

ಈಗ ಏರುಪೇರಿಗೆ ಬರೋಣ. ಮುರಿದ ಮಂಚದ ಮೇಲೆ ದಪ್ಪ ಹಾಸಿಗೆ ಹಾಸಿದರೆ ಮಂಚ ರಿಪೇರಿ ಆಗುತ್ತಾ? ಇಲ್ಲ ತಾನೆ! ತಗ್ಗಿನ ಮೇಲೆ ಫೋಮ್ ಹಾಸಿದರೆ ಫೋಮ್ ಕೂಡ ಆ ತಗ್ಗಿನಲ್ಲೇ ಕೂರುತ್ತದೆ. ತಗ್ಗು ಹಾಗೇ ಇರುತ್ತದೆ, ಜೊತೆಗೆ ಮೆತ್ತಗೂ ಆಗುತ್ತದೆ.

ಪರೀಕ್ಷೆ ಬಲು ಸುಲಭ. ಗಾರೆ ಕೆಲಸದವರು ಬಳಸುವ ಉದ್ದನೆಯ ಅಲ್ಯೂಮಿನಿಯಂ ಪಟ್ಟಿ ನೆಲದ ಮೇಲಿಡಿ. ರೂಮಿನ ಲೈಟ್ ಆರಿಸಿ. ಪಟ್ಟಿಯ ಹಿಂದೆ ಟಾರ್ಚ್ ನೆಲಕ್ಕೆ ಮಲಗಿಸಿ. ಪಟ್ಟಿಯ ಅಡಿಯಿಂದ ಬೆಳಕು ಎಲ್ಲಿ ತೂರಿ ಬರುತ್ತದೋ ಅಲ್ಲಿ ತಗ್ಗು. ಪೆನ್ಸಿಲಿನಿಂದ ಸುತ್ತು ಹಾಕಿ. ಸಾಮಾನ್ಯವಾಗಿ ಕಂಪನಿಗಳು ಒಪ್ಪುವುದು 10 ಅಡಿಗೆ 3/16 ಇಂಚು, ಅಂದರೆ ಸುಮಾರು 3 ಮೀಟರಿಗೆ 5 ಎಂಎಂ ವ್ಯತ್ಯಾಸ. ಅದಕ್ಕಿಂತ ಜಾಸ್ತಿ ಇದ್ದರೆ ಉಬ್ಬನ್ನು ಗ್ರೈಂಡರ್‌ನಿಂದ ಉಜ್ಜಿ, ತಗ್ಗಿಗೆ ಲೆವೆಲಿಂಗ್ ಕಾಂಪೌಂಡ್ (ನೀರಿನಲ್ಲಿ ಕಲಸಿ ಸುರಿದರೆ ಸಮವಾಗಿ ಹರಡುವ ಸಿಮೆಂಟ್ ಮಿಶ್ರಣ) ಸುರಿಯಿರಿ. ಮೊದಲು ಪ್ರೈಮರ್. ನೀರು ಪ್ಯಾಕೆಟ್ ಮೇಲೆ ಬರೆದಷ್ಟೇ, ಒಂದು ಲೋಟವೂ ಜಾಸ್ತಿ ಬೇಡ. ನೀರು ಹೆಚ್ಚಾದರೆ ಒಣಗಿದ ಮೇಲೆ ಪುಡಿ ಪುಡಿ ಏಳುತ್ತದೆ. ಇದರ ಪೂರ್ತಿ ವಿಡಿಯೋ ನಮ್ಮ ಚಾನೆಲ್‌ನಲ್ಲಿದೆ, ಇದು ಮುಗಿದ ಮೇಲೆ ನೋಡಿ. ಹಾಗೇ ಸಬ್‌ಸ್ಕ್ರೈಬ್ ಮಾಡಿ, ನಿಜಕ್ಕೂ ಸಹಾಯ ಆಗುತ್ತದೆ.

ಒಂದು ಎಚ್ಚರಿಕೆ, ತುಂಬಾ ಮುಖ್ಯ. ನೆಲದಲ್ಲಿ ಈಗಾಗಲೇ ಬಹಳ ಹಳೆಯ ವಿನೈಲ್ ಟೈಲ್ ಇದ್ದರೆ ಅದನ್ನು ಉಜ್ಜಬೇಡಿ, ಒಡೆಯಬೇಡಿ. 1980ಕ್ಕಿಂತ ಹಿಂದಿನ ಟೈಲ್‌ನಲ್ಲೂ ಅದರ ಕಪ್ಪು ಗಮ್‌ನಲ್ಲೂ ಆಸ್ಬೆಸ್ಟಾಸ್ (ಧೂಳಾಗಿ ಉಸಿರಿಗೆ ಸೇರಿದರೆ ಅಪಾಯವಾದ ನಾರು) ಇರುವ ಸಾಧ್ಯತೆ ಇದೆ. ಮೊದಲು ಪರೀಕ್ಷೆ ಮಾಡಿಸಿ.

"ಸರ್, ಫೋಮ್ ಹಾಕಿದರೆ ತೇವ ತಡೆಯುತ್ತೆ." ಎಲ್ಲಾ ಫೋಮೂ ತಡೆಯುತ್ತದೆ ಅಂತಿಲ್ಲ! ಕಾಂಕ್ರೀಟ್ ಮೇಲೆ 18 ಇಂಚು ಚೌಕದ ಪ್ಲಾಸ್ಟಿಕ್ ಹಾಳೆ ಇಟ್ಟು, ನಾಲ್ಕೂ ಅಂಚಿಗೆ ಟೇಪ್ ಹಾಕಿ, ಕನಿಷ್ಠ 16 ಗಂಟೆ ಬಿಡಿ. ಕೆಳಗೆ ಹನಿ ಕಂಡರೆ, ಕಾಂಕ್ರೀಟ್ ಕಪ್ಪಾಗಿದ್ದರೆ, ತೇವ ಇದೆ. ಆಗ ತೇಲುವ ನೆಲಕ್ಕೆ, ಅಂದರೆ ಅಂಟಿಸದೆ ಸುಮ್ಮನೆ ಹಾಸುವ ಕ್ಲಿಕ್ ನೆಲಕ್ಕೆ, ಬೇಕಾಗುವುದು 0.15 ಎಂಎಂ ಪಾಲಿಥೀನ್ ಹಾಳೆ. ನೋಡಿ, 0.15! ಇಲ್ಲಿಯೂ ದಪ್ಪದ ಮಾತೇ ಇಲ್ಲ.

"ಶಬ್ದ ಕಡಿಮೆ ಆಗುತ್ತೆ." ಅದಕ್ಕೂ ತೆಳ್ಳಗಿನ ಗಟ್ಟಿ ಮ್ಯಾಟ್ ಸಿಗುತ್ತದೆ. ಡಬ್ಬದ ಮೇಲೆ ದೊಡ್ಡದಾಗಿ ಬರೆದ ಶಬ್ದದ ಅಂಕಿ ಆ ಮ್ಯಾಟ್ ಒಂದರದ್ದೇ ಅಲ್ಲ. ಪರೀಕ್ಷೆ ಮಾಡಿದ ಕಡೆಯ ಕಾಂಕ್ರೀಟ್ ಎಷ್ಟು ದಪ್ಪ, ಕೆಳಗೆ ಸೀಲಿಂಗ್ ಇತ್ತೋ ಇಲ್ಲವೋ, ಎಲ್ಲಾ ಸೇರಿ ಬಂದ ಅಂಕಿ.

"ಕಾಲಿಗೆ ಮೆತ್ತಗಿರುತ್ತೆ." ಮೆತ್ತಗೆ ಬೇಕಾದರೆ ಮೇಲೆ ಒಂದು ಕಾರ್ಪೆಟ್ ಹಾಸಿಕೊಳ್ಳಿ! ಕೆಳಗೆ ಬೇಡ.

"ನಾನು ಹಾಕಿದ್ದೇನೆ, ಏನೂ ಆಗಿಲ್ಲ." ನೀವು ನೋಡಿದ ಮೂಲೆಯಲ್ಲಿ ಯಾರೂ ಓಡಾಡಿಲ್ಲ, ಅಷ್ಟೇ. ಬಾಗಿಲ ಹತ್ತಿರ ಹೋಗಿ ನೋಡಿ. ಬಗ್ಗಿ, ಜಾಯಿಂಟ್ ಮೇಲೆ ಉಗುರು ಎಳೆಯಿರಿ. ಒಂದು ಅಂಚು ಎದ್ದಿದ್ದು ಗೊತ್ತಾಗುತ್ತದೆ.

ಫೋಮ್ ಲೆವೆಲ್ ಮಾಡುವುದಿಲ್ಲ ಸ್ವಾಮಿ. ಮಾಡುವುದೇ ಇಲ್ಲ! 5 ಎಂಎಂ ಮಾಡುವುದಿಲ್ಲ, 3 ಎಂಎಂ ಮಾಡುವುದಿಲ್ಲ, ಎರಡು ಪದರ ಹಾಕಿದರೂ ಮಾಡುವುದಿಲ್ಲ. ಚಿಕ್ಕ ರೂಮು ಅಂತ ಸುಮ್ನೆ ಬಿಡಬೇಡಿ. ಚಿಕ್ಕ ರೂಮಿನಲ್ಲೇ ಓಡಾಟ ಜಾಸ್ತಿ, ಎಲ್ಲರೂ ಅದೇ ನಾಲ್ಕು ಟೈಲ್ ತುಳಿಯುತ್ತಾರೆ.

ನಿಮ್ಮ ಟೈಲ್ ಡಬ್ಬದ ಒಳಗೆ ಮಡಚಿದ ಒಂದು ಕಾಗದ ಇರುತ್ತದೆ. ಅದರಲ್ಲಿ ಮ್ಯಾಟ್ ಬಗ್ಗೆ ಏನು ಬರೆದಿದೆ ಅಂತ ಓದಿ ಕೆಳಗೆ ಹಾಕಿ, ನಾನೇ ಕೂತು ಒಂದೊಂದಕ್ಕೂ ಉತ್ತರ ಬರೆಯುತ್ತೇನೆ. ಮುಂದಿನ ವಾರ ಗೋಡೆ ಪಕ್ಕ ಬಿಡುವ ಗ್ಯಾಪ್ ಬಗ್ಗೆ ಮಾತಾಡೋಣ. ಅದರ ಮೇಲೂ ನನಗೆ ತುಂಬಾ ಸಿಟ್ಟಿದೆ. ಬೆಲ್ ಒತ್ತಿಡಿ, ಸಿಗೋಣ.