ಮರೆ ಎಂಬ ಮಾತು

ಕೇಳುಗರಿಗೆ ನಮಸ್ಕಾರ.

'ಆರೋಪಿ ತಲೆಮರೆಸಿಕೊಂಡಿದ್ದಾನೆ' ಎಂದು ವಾರ್ತೆಯಲ್ಲಿ ಆಗಾಗ ಕೇಳುತ್ತೀರಿ. ಓಡಿಹೋದವನು ಇಡೀ ಆಳು, ಮಾತಿನಲ್ಲಿ ಮರೆಯಾದದ್ದು ಬರೀ ತಲೆ! ಗುರುತು ಹತ್ತುವುದು ಮುಖದಿಂದಲೇ ಅಲ್ವಾ, ಅದಕ್ಕೇ ಇರಬೇಕು. ಇವತ್ತು ಈ 'ಮರೆ'ಯ ಬಗ್ಗೆ ನಾಲ್ಕು ಮಾತು.

ಮರೆ ಎಂದರೆ ಕಣ್ಣಿಗೂ ವಸ್ತುವಿಗೂ ನಡುವೆ ಏನಾದರೂ ಅಡ್ಡ ಇರಬೇಕು. ಗೋಡೆ ಮರೆ, ಬಾಗಿಲ ಮರೆ, ತೆರೆಮರೆ. ರಾಮ ವಾಲಿಗೆ ಬಾಣ ಬಿಟ್ಟದ್ದು ಮರದ ಮರೆಯಲ್ಲಿ ನಿಂತು. ಬಚ್ಚಿಡುವುದು ಬೇರೆ. ಅಜ್ಜಿ ಸಾಸಿವೆ ಡಬ್ಬಿಯಲ್ಲಿ ನೋಟು ಬಚ್ಚಿಡುತ್ತಾಳೆ. ಅಲ್ಲಿ ಒಂದು ಕೈ ಇದೆ, ಯಾರಿಗೂ ಸಿಗಬಾರದು ಎಂಬ ಉದ್ದೇಶವೂ ಇದೆ. ಮರೆಗೆ ಇದ್ಯಾವುದೂ ಬೇಕಿಲ್ಲ. ಮೋಡದ ಮರೆಗೆ ಸರಿದ ಚಂದ್ರ ಯಾರಿಗೂ ಮೋಸ ಮಾಡಿಲ್ಲ. ಬೇಕೆಂದೇ ಮಾಡಿದರೆ ಅದಕ್ಕೆ 'ಮರೆಮಾಚು' ಇದೆ, 'ಮುಚ್ಚುಮರೆ' ಇದೆ.

'ಎಲೆಮರೆಯ ಕಾಯಿ' ಸನ್ಮಾನದ ಸಭೆಗಳಲ್ಲಿ ಸವೆದುಹೋದ ಮಾತು. ಶಾಲು ಹೊದಿಸಿ, ಹಾರ ಹಾಕಿ, ಮೈಕಿನಲ್ಲಿ 'ಇವರು ಎಲೆಮರೆಯ ಕಾಯಿ' ಎನ್ನುತ್ತಾರೆ. ಅಷ್ಟು ಹೊತ್ತಿಗೆ ಎಲೆ ಎಲ್ಲಿ ಉಳಿದಿರುತ್ತದೆ? ನಿಜವಾದ ಎಲೆಮರೆ ಕಾಣಬೇಕಾದರೆ ಸೌತೆ ಬಳ್ಳಿಯ ಹತ್ತಿರ ಹೋಗಿ. ದಿನಾ ಕೊಯ್ದರೂ ಅಗಲದ ಎಲೆಯ ಅಡಿ ಒಂದು ಕಾಯಿ ತಪ್ಪಿಸಿಕೊಂಡಿರುತ್ತದೆ. ಕಣ್ಣಿಗೆ ಬೀಳುವ ಹೊತ್ತಿಗೆ ಅದು ದಪ್ಪಗೆ, ಹಳದಿ ತಿರುಗಿರುತ್ತದೆ. ಪಲ್ಯಕ್ಕೆ ಆಗದಿದ್ದರೂ ಬೀಜಕ್ಕೆ ಆಗುತ್ತದೆ.

12ನೇ ಶತಮಾನದ ಅಕ್ಕಮಹಾದೇವಿ ಈ ಮಾತನ್ನು ಒಂದೇ ವಚನದಲ್ಲಿ ಸಾಲಾಗಿ ಬಳಸಿದ್ದಾಳೆ. 'ನೆಲದ ಮರೆಯ ನಿಧಾನದಂತೆ, ಫಲದ ಮರೆಯ ರುಚಿಯಂತೆ, ಶಿಲೆಯ ಮರೆಯ ಹೇಮದಂತೆ, ತಿಲದ ಮರೆಯ ತೈಲದಂತೆ'. ನಿಧಾನ ಎಂದರೆ ಇಲ್ಲಿ ನಿಧಿ. ನಿಧಿಯನ್ನಾದರೆ ಯಾರೋ ಹೂತಿಟ್ಟಿರಬಹುದು. ಆದರೆ ಎಳ್ಳಿನೊಳಗೆ ಎಣ್ಣೆಯನ್ನು ಯಾರೂ ಬಚ್ಚಿಟ್ಟಿಲ್ಲ. ಎಳ್ಳೇ ಎಣ್ಣೆಗೆ ಮರೆ. ಎಳ್ಳನ್ನು ಬಿಸಾಕಿದರೆ ಎಣ್ಣೆಯೂ ಹೋಯಿತು. 'ಬಚ್ಚಿಟ್ಟ' ಎಂಬ ಪದ ಹಾಕಿ ಓದಿ ನೋಡಿ, ವಚನ ಅಲ್ಲೇ ಕುಸಿಯುತ್ತದೆ.

ಇದೇ ಮರೆ ಕಾಯುವುದೂ ಉಂಟು. ಗಾಳಿ ಬೀಸಿದಾಗ ದೀಪಕ್ಕೆ ಅಂಗೈ ಮರೆ ಮಾಡುತ್ತೇವೆ. ಬೆಳಕು ಮುಚ್ಚಲಿ ಎಂದಲ್ಲ, ಆರದಿರಲಿ ಎಂದು. 'ಮರೆಹೊಗು' ಎಂಬ ಮಾತಿನಲ್ಲಿರುವುದು ಈ ಅರ್ಥ. ಮರೆಹೊಕ್ಕವರನ್ನು ಕಾಯುವುದು ಹಿಂದೆ ವೀರರಿಗೆ ದೊಡ್ಡ ಹೆಮ್ಮೆ. ಈಗ ಎಲ್ಲದಕ್ಕೂ 'ಮೊರೆಹೋಗು' ಬಂದುಬಿಟ್ಟಿದೆ. ಕೋರ್ಟಿನ ಮೊರೆಹೋದರು, ವೈದ್ಯರ ಮೊರೆಹೋದರು. ಮೊರೆ ಎಂದರೆ ಅಳಲು, ದೂರು. ಹಾಗಾಗಿ ಕೋರ್ಟಿಗೆ ಅದು ಸರಿಯಾಗಿಯೇ ಒಪ್ಪುತ್ತದೆ. ಆದರೆ ಪ್ರವಾಹಕ್ಕೆ ಮನೆ ಬಿಟ್ಟು ಶಾಲೆಯ ಕಟ್ಟಡ ಸೇರಿದವರ ಸುದ್ದಿ ಓದುವಾಗ ನಾನಂತೂ 'ಮರೆಹೊಕ್ಕರು' ಎಂದೇ ಓದುತ್ತೇನೆ.

ನಮಸ್ಕಾರ.