ಸಿಬಿಟಿ ಹಳ್ಳಿಗೆ ಹೇಗೆ ತಲುಪುತ್ತದೆ? ರಾವಲ್ಪಿಂಡಿ ಮತ್ತು ಗೋವಾ ಕೂಡಿ ಮಾಡಿದ ಕೆಲಸ

ನಮಸ್ಕಾರ.

ಹೆರಿಗೆಯಾಗಿ ಎರಡು ತಿಂಗಳಾದ ತಾಯಿಯೊಬ್ಬಳನ್ನು ಕಲ್ಪಿಸಿಕೊಳ್ಳಿ. ಮಗು ಅತ್ತರೆ ಸಾಕು, "ನನಗೆ ಮಗು ನೋಡಿಕೊಳ್ಳೋಕೇ ಬರಲ್ಲ" ಅನ್ನಿಸುತ್ತದೆ. ಹಾಲು ಕಡಿಮೆಯಾದರೆ "ನನ್ನ ಹಣೆಬರಹವೇ ಇಷ್ಟು" ಅಂದುಕೊಳ್ಳುತ್ತಾಳೆ. ರಾತ್ರಿ ನಿದ್ದೆ ಇಲ್ಲ, ಊಟ ಸೇರುವುದಿಲ್ಲ. ಬಾಣಂತಿಗೆ ಸುಸ್ತು ಇರುವುದೇ ಅಂತ ಮನೆಯವರು ಸುಮ್ನೆ ಬಿಡುತ್ತಾರೆ.

ಇದು ಡಿಪ್ರೆಷನ್ ಆಗಿರಬಹುದು. ಮಾತಿನ ಮೂಲಕ ಕೊಡುವ ಚಿಕಿತ್ಸೆಯಿಂದ ಇದು ಗುಣವಾಗುತ್ತದೆ ಅನ್ನುವುದಕ್ಕೆ ಗಟ್ಟಿ ಪುರಾವೆ ಇದೆ. ಆದರೆ ಅವಳ ಊರಲ್ಲಿ ಆ ಚಿಕಿತ್ಸೆ ಕೊಡುವವರು ಯಾರು? ಈ ಪ್ರಶ್ನೆಗೆ ನಮ್ಮ ಪಕ್ಕದಲ್ಲೇ ಉತ್ತರ ಹುಡುಕಿದವರಿದ್ದಾರೆ. ಒಂದು ತಂಡ ಪಾಕಿಸ್ತಾನದ ರಾವಲ್ಪಿಂಡಿಯಲ್ಲಿ, ಇನ್ನೊಂದು ಗೋವಾದಲ್ಲಿ. ಅವರು ಒಟ್ಟಿಗೇ ಕೆಲಸ ಮಾಡಿದರು.

ಸ್ಕ್ರೀನ್ ಮೇಲೆ: ಸಿಬಿಟಿ ಅಂದರೆ ಏನು?

ಮೊದಲು ಈ ಚಿಕಿತ್ಸೆ ಏನು ಅಂತ ನೋಡೋಣ. ಕಾಗ್ನಿಟಿವ್ ಬಿಹೇವಿಯರಲ್ ಥೆರಪಿ, ಚಿಕ್ಕದಾಗಿ ಸಿಬಿಟಿ. 1960ರ ದಶಕದಲ್ಲಿ ಅಮೆರಿಕದ ಮನೋವೈದ್ಯ ಆರನ್ ಬೆಕ್ ಇದಕ್ಕೆ ಅಡಿಪಾಯ ಹಾಕಿದರು. ಬೇಸರ ಆವರಿಸಿದಾಗ ಕೆಲವು ಯೋಚನೆಗಳು ನಾವು ಕರೆಯದೆಯೇ ಬರುತ್ತವೆ. ಬಂದ ಕೂಡಲೇ ನಿಜ ಅನ್ನಿಸುತ್ತವೆ. ಅದರಿಂದ ಮನಸ್ಸು ಇನ್ನಷ್ಟು ಕುಗ್ಗುತ್ತದೆ, ಮಾಡುತ್ತಿದ್ದ ಕೆಲಸವೂ ನಿಂತುಹೋಗುತ್ತದೆ. ಕೆಲಸ ನಿಂತಿತು ಅಂತ ಮತ್ತೆ ಬೇಸರ. ಈ ಸುತ್ತನ್ನು ಬಿಡಿಸುವುದೇ ಸಿಬಿಟಿಯ ಕೆಲಸ. ಥೆರಪಿಸ್ಟ್ ನಿಮ್ಮ ಜೊತೆ ಕೂತು ಆ ಯೋಚನೆಯನ್ನು ಹಿಡಿದು ನೋಡುತ್ತಾರೆ. ಇದು ಎಷ್ಟು ಸರಿ, ಬೇರೆ ರೀತಿ ನೋಡಬಹುದಾ ಅಂತ ಕೇಳುತ್ತಾರೆ. ಮುಂದಿನ ಭೇಟಿಯೊಳಗೆ ಮಾಡಬೇಕಾದ ಚಿಕ್ಕ ಕೆಲಸ ಒಂದನ್ನು ಕೊಡುತ್ತಾರೆ. ಹೀಗೆ ಕೆಲವು ವಾರ ನಡೆಯುತ್ತದೆ.

ಈಗ ತೊಂದರೆಗೆ ಬರೋಣ. ನಿಮ್ಹಾನ್ಸ್ 2015-16ರಲ್ಲಿ 12 ರಾಜ್ಯಗಳಲ್ಲಿ ರಾಷ್ಟ್ರೀಯ ಮಾನಸಿಕ ಆರೋಗ್ಯ ಸಮೀಕ್ಷೆ ನಡೆಸಿತು. ಮಾನಸಿಕ ಕಾಯಿಲೆ ಇದ್ದೂ ಚಿಕಿತ್ಸೆ ಸಿಗದವರ ಪ್ರಮಾಣ, ಕಾಯಿಲೆಯಿಂದ ಕಾಯಿಲೆಗೆ ಬೇರೆಯಾಗಿ, ಶೇ. 70ರಿಂದ 92ರವರೆಗೆ ಇತ್ತು. ಚಿಕಿತ್ಸೆ ಸಿಕ್ಕವರಲ್ಲೂ ಜಾಸ್ತಿ ಜನಕ್ಕೆ ಸಿಗುವುದು ಮಾತ್ರೆಯೇ. ವಾರಕ್ಕೊಮ್ಮೆ ಮುಕ್ಕಾಲು ಗಂಟೆ ಕೂತು ಮಾತಾಡುವ ಚಿಕಿತ್ಸೆ ಹೆಚ್ಚಾಗಿ ದೊಡ್ಡ ಊರುಗಳಲ್ಲೇ ಇದೆ, ದುಡ್ಡೂ ಬೇಕು. ಕೊಪ್ಪಳದ ಹಳ್ಳಿಯ ಕೂಲಿ ಹೆಣ್ಣುಮಗಳು ಅದಕ್ಕಾಗಿ ಪ್ರತಿ ವಾರ ಬಸ್ಸು ಹತ್ತಿ ಬೆಂಗಳೂರಿಗೆ ಬರಬೇಕಾ?

ಸ್ಕ್ರೀನ್ ಮೇಲೆ: ರಾವಲ್ಪಿಂಡಿ ಜಿಲ್ಲೆ, ಗುಜರ್ ಖಾನ್ ಮತ್ತು ಕಲ್ಲರ್ ಸೈಯದಾನ್

ಮನೋವೈದ್ಯ ಆತಿಫ್ ರೆಹಮಾನ್ ಮತ್ತು ಅವರ ತಂಡದ ಮುಂದೆ ಇದ್ದದ್ದೂ ಇದೇ ತೊಂದರೆ. ಪಾಕಿಸ್ತಾನದ ಹಳ್ಳಿಗಳಲ್ಲಿ ಲೇಡಿ ಹೆಲ್ತ್ ವರ್ಕರ್ ಅಂತ ಇರುತ್ತಾರೆ. ಹೆಚ್ಚುಕಮ್ಮಿ ನಮ್ಮ ಆಶಾ ಕಾರ್ಯಕರ್ತೆಯರ ಹಾಗೆ. ಅದೇ ಊರಿನವರು, ಬಸುರಿ ಬಾಣಂತಿಯರ ಮನೆಗೆ ಹೋಗಿಬರುವವರು. ಓದು ಹೈಸ್ಕೂಲಿನ ಆಸುಪಾಸು. ಸೈಕಾಲಜಿ ಓದಿದವರಲ್ಲ.

ರೆಹಮಾನ್ ತಂಡ ಸಿಬಿಟಿಯ ತಿರುಳನ್ನು ಇವರ ಕೈಗೆ ಕೊಟ್ಟಿತು. ಥಿಂಕಿಂಗ್ ಹೆಲ್ದಿ ಪ್ರೋಗ್ರಾಂ ಅಂತ ಅದರ ಹೆಸರು. ಅದನ್ನು ಕಟ್ಟಿದ ರೀತಿ ನನಗೆ ತುಂಬಾ ಇಷ್ಟ, ಸ್ವಲ್ಪ ನಿಧಾನವಾಗಿ ಹೇಳುತ್ತೇನೆ.

ಮನೆಗೆ ಹೋದ ಕಾರ್ಯಕರ್ತೆ "ನಿನಗೆ ಡಿಪ್ರೆಷನ್ ಇದೆ" ಅಂತ ಶುರು ಮಾಡುವುದಿಲ್ಲ. ಮಾತು ಶುರುವಾಗುವುದು ಮಗುವಿನಿಂದ. ಮಗು ಚೆನ್ನಾಗಿ ಬೆಳೆಯಲು ಏನೇನು ಬೇಕು ಅಂತ. ಇದರಿಂದ ಅತ್ತೆಯೂ ಗಂಡನೂ ಅಡ್ಡ ಬರುವುದಿಲ್ಲ, ಎಷ್ಟೋ ಸಲ ಅವರೇ ಬಂದು ಪಕ್ಕದಲ್ಲಿ ಕೂರಬಹುದು. ಕೈಯಲ್ಲಿ ಚಿತ್ರಗಳಿರುತ್ತವೆ. ಒಂದು ಚಿತ್ರದಲ್ಲಿ ಸೋತು ಕೂತ ತಾಯಿ, ಅವಳ ಮನಸ್ಸಿನಲ್ಲಿ ಓಡುತ್ತಿರುವ ಯೋಚನೆ. ಇಂಥ ಯೋಚನೆಯಿಂದ ತಾಯಿಗೆ, ಮಗುವಿಗೆ ಏನಾಗಬಹುದು ಅಂತ ಇಬ್ಬರೂ ಸೇರಿ ಮಾತಾಡುತ್ತಾರೆ. ಇನ್ನೊಂದು ಚಿತ್ರದಲ್ಲಿ ಬೇರೆ ರೀತಿಯ ಯೋಚನೆ. ಆಮೇಲೆ ಮುಂದಿನ ಭೇಟಿಯವರೆಗೆ ಮಾಡಿ ನೋಡಲು ಒಂದು ಚಿಕ್ಕ ಕೆಲಸ. ತಾಯಿಯ ಸ್ವಂತ ಆರೋಗ್ಯ, ಮಗುವಿನ ಜೊತೆಗಿನ ಒಡನಾಟ, ಸುತ್ತಲಿನವರ ಜೊತೆಗಿನ ಸಂಬಂಧ, ಈ ಮೂರು ವಿಷಯಗಳ ಸುತ್ತ ಎಲ್ಲ ಮಾತುಕತೆ ನಡೆಯುತ್ತದೆ. ಬಸುರಿನ ಕೊನೆಯ ತಿಂಗಳಿಂದ ಮಗುವಿಗೆ ಹತ್ತು ತಿಂಗಳಾಗುವವರೆಗೆ ಒಟ್ಟು 16 ಭೇಟಿ.

ಗಮನಿಸಿ, ಇದು ಬರೀ ಸಮಾಧಾನದ ಮಾತಲ್ಲ. ಯೋಚನೆಯನ್ನು ಗುರುತಿಸುವುದು, ಬದಲಿ ಹುಡುಕುವುದು, ಮಾಡಿ ನೋಡುವುದು. ಸಿಬಿಟಿಯ ಎಲುಬು ಹಾಗೇ ಉಳಿದಿದೆ.

ಸ್ಕ್ರೀನ್ ಮೇಲೆ: 40 ಯೂನಿಯನ್ ಕೌನ್ಸಿಲ್ (ನಮ್ಮ ಪಂಚಾಯಿತಿಯಂಥವು), 903 ತಾಯಂದಿರು

ಇವನ್ನು ಎರಡು ಗುಂಪು ಮಾಡಿ, ಒಂದು ಗುಂಪಿಗೆ ಮಾತ್ರ ಈ ಚಿಕಿತ್ಸೆ ಕೊಟ್ಟು ಪರೀಕ್ಷೆ ನಡೆಸಿದರು. ಫಲಿತಾಂಶ 2008ರಲ್ಲಿ ಲ್ಯಾನ್ಸೆಟ್ ಅನ್ನುವ ವೈದ್ಯಕೀಯ ಪತ್ರಿಕೆಯಲ್ಲಿ ಬಂತು. ಹೆರಿಗೆಯಾಗಿ ಆರು ತಿಂಗಳಿಗೆ, ಈ ಚಿಕಿತ್ಸೆ ಸಿಕ್ಕವರಲ್ಲಿ ಡಿಪ್ರೆಷನ್ ಉಳಿದಿದ್ದು ಶೇ. 23 ತಾಯಂದಿರಿಗೆ. ಸಿಗದವರಲ್ಲಿ ಶೇ. 53. ಚಿಕಿತ್ಸೆ ಸಿಗದ ಗುಂಪಿನ ಮನೆಗಳಿಗೂ ಕಾರ್ಯಕರ್ತೆಯರು ಅಷ್ಟೇ ಸಲ ಹೋಗಿದ್ದರು. ಅಂದರೆ ಯಾರೋ ಬಂದು ವಿಚಾರಿಸಿಕೊಂಡರು ಅನ್ನುವುದರಿಂದಷ್ಟೇ ಬಂದ ವ್ಯತ್ಯಾಸ ಅಲ್ಲ ಇದು. ಕಲಿತ ವಿಧಾನದಿಂದ ಬಂದದ್ದು. ಮಕ್ಕಳಲ್ಲಿ ಭೇದಿ ಕಡಿಮೆಯಾಯಿತು, ಲಸಿಕೆ ಪೂರ್ತಿ ಹಾಕಿಸಿದವರು ಜಾಸ್ತಿಯಾದರು. ತೂಕ, ಎತ್ತರದಲ್ಲಿ ಮಾತ್ರ ಹೇಳಿಕೊಳ್ಳುವಂಥ ಬದಲಾವಣೆ ಕಾಣಲಿಲ್ಲ. 2015ರಲ್ಲಿ ವಿಶ್ವ ಆರೋಗ್ಯ ಸಂಸ್ಥೆ ಈ ಕೈಪಿಡಿಯನ್ನು ಎಲ್ಲರಿಗೂ ಉಚಿತವಾಗಿ ಪ್ರಕಟಿಸಿತು.

ಸ್ಕ್ರೀನ್ ಮೇಲೆ: ಗೋವಾ

ಈಗ ಗಡಿ ದಾಟಿ ಈಚೆ ಬರೋಣ. ಗೋವಾದಲ್ಲಿ ಸಂಗಾತ್ ಅನ್ನುವ ಸಂಸ್ಥೆ ಇದೆ. 1996ರಲ್ಲಿ ಶುರುವಾದದ್ದು. ಮನೋವೈದ್ಯ ವಿಕ್ರಂ ಪಟೇಲ್ ಇದನ್ನು ಕಟ್ಟಿದವರಲ್ಲಿ ಒಬ್ಬರು. ಇವರೂ ಅದೇ ಪ್ರಶ್ನೆಯ ಹಿಂದೆ ಬಿದ್ದಿದ್ದರು. ಇವರು ಹಿಡಿದದ್ದು ಸಿಬಿಟಿ ಕುಟುಂಬದ್ದೇ ಆದ ಬಿಹೇವಿಯರಲ್ ಆಕ್ಟಿವೇಷನ್. ಕೆಲಸ ಸರಳ. ಬೇಸರದಿಂದ ಬಿಟ್ಟುಹೋದ ಚಟುವಟಿಕೆಗಳನ್ನು ಒಂದೊಂದಾಗಿ ಮತ್ತೆ ದಿನಚರಿಗೆ ತರುವುದು. ಮನಸ್ಸು ಬಂದ ಮೇಲೆ ಮಾಡುತ್ತೇನೆ ಅಂತ ಕಾಯದೆ, ಮೊದಲು ಮಾಡಿ ನೋಡುವುದು.

ಇದಕ್ಕೆ ಹೆಲ್ದಿ ಆಕ್ಟಿವಿಟಿ ಪ್ರೋಗ್ರಾಂ ಅಂತ ಹೆಸರಿಟ್ಟರು. 10 ಪ್ರಾಥಮಿಕ ಆರೋಗ್ಯ ಕೇಂದ್ರಗಳಲ್ಲಿ, ತೀವ್ರ ಡಿಪ್ರೆಷನ್ ಇದ್ದ 495 ಜನರ ಮೇಲೆ ಪರೀಕ್ಷೆ ನಡೆಯಿತು. ಮಾತಾಡಿದವರು ತರಬೇತಿ ಪಡೆದ ಸಾಮಾನ್ಯ ಜನ, ಆರರಿಂದ ಎಂಟು ಭೇಟಿ. ಮೂರು ತಿಂಗಳಿಗೆ ಇವರಲ್ಲಿ ಚೇತರಿಸಿಕೊಂಡವರು ಶೇ. 64, ಮಾಮೂಲಿ ಚಿಕಿತ್ಸೆಯ ಗುಂಪಿನಲ್ಲಿ ಶೇ. 39. ಇದೂ ಲ್ಯಾನ್ಸೆಟ್‌ನಲ್ಲೇ ಬಂತು, 2017ರ ಸಂಚಿಕೆಯಲ್ಲಿ.

ನನ್ನ ಮಟ್ಟಿಗೆ ಇಡೀ ವಿಷಯದಲ್ಲಿ ಮುಖ್ಯವಾದದ್ದು ಸಂಗಾತ್ ತಂಡ ಮೇಲ್ವಿಚಾರಣೆಗೆ ಕಂಡುಕೊಂಡ ದಾರಿ. ತರಬೇತಿ ಕೊಡುವುದು ಅಷ್ಟೇನೂ ಕಷ್ಟವಲ್ಲ. ಹಾಲ್ ಬುಕ್ ಮಾಡಿ, ಊಟ ಹಾಕಿಸಿ, ಸರ್ಟಿಫಿಕೇಟ್ ಹಂಚಿದರೆ ತರಬೇತಿ ಮುಗಿಯಿತು. ಎರಡು ತಿಂಗಳಾದ ಮೇಲೆ ಏನಾಗುತ್ತದೆ? ಎದುರಿಗೆ ಕೂತವರು "ಬದುಕಿದ್ದು ಏನು ಪ್ರಯೋಜನ" ಅಂದಾಗ ಕಾರ್ಯಕರ್ತೆ ಯಾರನ್ನು ಕೇಳಬೇಕು? ಅವಳು ನಿಧಾನವಾಗಿ ಚಿಕಿತ್ಸೆ ಬಿಟ್ಟು ಬುದ್ಧಿವಾದಕ್ಕೆ ಇಳಿದರೆ ಅದನ್ನು ಗಮನಿಸುವವರು ಯಾರು?

ಗೋವಾದಲ್ಲಿ ಹೀಗೆ ಮಾಡಿದರು. ಒಪ್ಪಿಗೆ ಪಡೆದು ಮಾತುಕತೆಯನ್ನು ರೆಕಾರ್ಡ್ ಮಾಡುತ್ತಿದ್ದರು. ಕೌನ್ಸೆಲರ್‌ಗಳೆಲ್ಲ ಗುಂಪಾಗಿ ಕೂತು ಅದನ್ನು ಕೇಳುತ್ತಿದ್ದರು. ಮೊದಲೇ ಮಾಡಿಟ್ಟ ಒಂದು ಅಂಕಪಟ್ಟಿ ಹಿಡಿದು ಅಂಕ ಹಾಕುತ್ತಿದ್ದರು, ಎಲ್ಲಿ ಚೆನ್ನಾಗಿತ್ತು, ಎಲ್ಲಿ ತಪ್ಪಿತು ಅಂತ ಚರ್ಚಿಸುತ್ತಿದ್ದರು. ಶುರುವಿನಲ್ಲಿ ತಜ್ಞರು ಮುಂದೆ ನಿಂತು ನಡೆಸಿದರು. ಆಮೇಲೆ ಸಹೋದ್ಯೋಗಿಗಳೇ ಒಬ್ಬರಿಗೊಬ್ಬರು ಮೇಲ್ವಿಚಾರಕರಾದರು. ತಜ್ಞರು ಕಡಿಮೆ ಇರುವ ಕಡೆ ಇದು ಎಷ್ಟು ದೊಡ್ಡ ವಿಷಯ ಅಲ್ವಾ? ಒಬ್ಬ ಸೈಕಾಲಜಿಸ್ಟ್‌ನ ಸಮಯ ಹತ್ತಾರು ಕೌನ್ಸೆಲರ್‌ಗಳಿಗೆ ಸಾಲುತ್ತದೆ.

ಸ್ಕ್ರೀನ್ ಮೇಲೆ: ಎರಡು ದೇಶ, ಒಂದೇ ಕಾರ್ಯಕ್ರಮ

ರಾವಲ್ಪಿಂಡಿಗೆ ಇನ್ನೊಂದು ತೊಡಕು ಎದುರಾಯಿತು. ಪೋಲಿಯೊ ಅಭಿಯಾನ, ಲಸಿಕೆ, ಕುಟುಂಬ ಯೋಜನೆ ಅಂತ ಲೇಡಿ ಹೆಲ್ತ್ ವರ್ಕರ್‌ಗಳ ಮೇಲೆ ಹೊರೆ ಹೆಚ್ಚುತ್ತಲೇ ಇತ್ತು. ನಮ್ಮ ಆಶಾ ಕಾರ್ಯಕರ್ತೆಯರನ್ನು ಕೇಳಿದರೆ ಇದೇ ಮಾತು ಬರುತ್ತದೆ. ಹಾಗಾದರೆ ಊರಿನ ಬೇರೆ ಹೆಂಗಸರೇ, ತಾವೂ ತಾಯಂದಿರಾದವರೇ, ಈ ಕೆಲಸ ಮಾಡಬಹುದಾ? ಇದನ್ನು ನೋಡಲು ರೆಹಮಾನ್ ತಂಡ ಮತ್ತು ಸಂಗಾತ್ ಕೈ ಜೋಡಿಸಿದವು. ಅಮೆರಿಕದ ರಾಷ್ಟ್ರೀಯ ಮಾನಸಿಕ ಆರೋಗ್ಯ ಸಂಸ್ಥೆಯ ಹಣದಿಂದ ದಕ್ಷಿಣ ಏಷ್ಯಾಕ್ಕೆ ಅಂತಲೇ ಒಂದು ಜಂಟಿ ಯೋಜನೆ ನಡೆಯಿತು. ಕಾರ್ಯಕ್ರಮವನ್ನು ಇನ್ನೂ ಸರಳ ಮಾಡಿದರು. ಗೋವಾದವರಿಗೆ ಗೊತ್ತಿದ್ದ ಬಿಹೇವಿಯರಲ್ ಆಕ್ಟಿವೇಷನ್‌ಗೆ ಜಾಸ್ತಿ ಜಾಗ ಸಿಕ್ಕಿತು. ಗೋವಾದಲ್ಲಿ 280 ಗರ್ಭಿಣಿಯರು, ರಾವಲ್ಪಿಂಡಿಯಲ್ಲಿ 570 ಗರ್ಭಿಣಿಯರು. ಎರಡೂ ಕಡೆಯ ಫಲಿತಾಂಶ 2019ರಲ್ಲಿ ಲ್ಯಾನ್ಸೆಟ್ ಸೈಕಿಯಾಟ್ರಿಯಲ್ಲಿ ಬಂತು.

ಗೋವಾದಲ್ಲಿ ಆರು ತಿಂಗಳಿಗೆ ಚೇತರಿಸಿಕೊಂಡ ತಾಯಂದಿರು ಜಾಸ್ತಿ ಇದ್ದರು. ರಾವಲ್ಪಿಂಡಿಯಲ್ಲಿ ಆರು ತಿಂಗಳ ಹೊತ್ತಿಗೆ ಎರಡು ಗುಂಪುಗಳ ನಡುವೆ ಗಟ್ಟಿಯಾಗಿ ಹೇಳುವಂಥ ವ್ಯತ್ಯಾಸ ಉಳಿದಿರಲಿಲ್ಲ. ಇದನ್ನು ಮುಚ್ಚಿಡದೆ ಪ್ರಕಟಿಸಿದ್ದಕ್ಕೆ ಎರಡೂ ತಂಡಗಳ ಬಗ್ಗೆ ನನಗೆ ಗೌರವ. ಒಂದೇ ಕಡೆ ಮಾಡಿ, ಗೆದ್ದಿತು ಅಂತ ಬರೆದಿದ್ದರೆ ನಮಗೆ ಅರ್ಧ ಮಾತ್ರ ತಿಳಿಯುತ್ತಿತ್ತು. ಎರಡು ಊರು, ಎರಡು ಆರೋಗ್ಯ ವ್ಯವಸ್ಥೆ, ಕೆಲಸ ಒಂದೇ. ಅಕ್ಕಪಕ್ಕ ಇಟ್ಟು ನೋಡಿದಾಗಲೇ ಗೊತ್ತಾಗುವುದು, ಕೈಪಿಡಿ ಒಂದೇ ಆದರೂ ಸುತ್ತಲಿನ ವ್ಯವಸ್ಥೆ ಬದಲಾದರೆ ಫಲವೂ ಬದಲಾಗುತ್ತದೆ ಅಂತ.

ಸ್ಕ್ರೀನ್ ಮೇಲೆ: ಕರ್ನಾಟಕ

ಇನ್ನು ನಮ್ಮ ಕಡೆ. ತಜ್ಞರ ಕೆಲಸವನ್ನು ಹಳ್ಳಿಗೆ ಒಯ್ಯುವುದು ಕರ್ನಾಟಕಕ್ಕೆ ಹೊಸದೇನಲ್ಲ. 1980ರ ದಶಕದಲ್ಲೇ ನಿಮ್ಹಾನ್ಸ್ ಬಳ್ಳಾರಿ ಜಿಲ್ಲೆಯಲ್ಲಿ ಪ್ರಾಥಮಿಕ ಆರೋಗ್ಯ ಕೇಂದ್ರಗಳ ವೈದ್ಯರಿಗೆ, ಆರೋಗ್ಯ ಕಾರ್ಯಕರ್ತರಿಗೆ ತರಬೇತಿ ಕೊಟ್ಟಿತ್ತು. 1996ರಲ್ಲಿ ಶುರುವಾದ ದೇಶದ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮಕ್ಕೆ ಮಾದರಿಯಾದದ್ದು ಇದೇ ಬಳ್ಳಾರಿ. ಆದರೆ ಅಲ್ಲಿನ ಒತ್ತು ಇದ್ದದ್ದು ತೀವ್ರ ಮಾನಸಿಕ ಕಾಯಿಲೆ, ಮೂರ್ಛೆ ರೋಗದಂಥವುಗಳ ಮೇಲೆ, ಔಷಧದ ಮೇಲೆ. ಆ ಕಾಲಕ್ಕೆ ಅದು ಸರಿಯಾದ ಆಯ್ಕೆಯೇ. ಮಾತಿನ ಚಿಕಿತ್ಸೆ ಮಾತ್ರ ಅಷ್ಟು ದೂರ ಹೋಗಲಿಲ್ಲ.

ಈಗ ಅದಕ್ಕೆ ಬೇಕಾದ ತುಂಡುಗಳೆಲ್ಲ ಇವೆ. ಊರೂರಲ್ಲಿ ಆಶಾ ಕಾರ್ಯಕರ್ತೆಯರಿದ್ದಾರೆ. ಬೆಂಗಳೂರಿನಲ್ಲಿ ನಿಮ್ಹಾನ್ಸ್, ಧಾರವಾಡದಲ್ಲಿ ಅಂಥದ್ದೇ ಮಾನಸಿಕ ಆರೋಗ್ಯ ಸಂಸ್ಥೆ ಡಿಮ್ಹಾನ್ಸ್ ಇವೆ. ದೂರದ ವೈದ್ಯರನ್ನು ವಿಡಿಯೋ ಕಾಲ್‌ನಲ್ಲಿ ಕೂಡಿಸಿಕೊಂಡು ಒಂದೊಂದೇ ಕೇಸ್ ಚರ್ಚಿಸುವ ಎಕೋ ಪದ್ಧತಿ ನಿಮ್ಹಾನ್ಸ್‌ಗೆ ಚೆನ್ನಾಗಿ ಗೊತ್ತು. 2003ರಲ್ಲಿ ಅಮೆರಿಕದ ನ್ಯೂ ಮೆಕ್ಸಿಕೋದಲ್ಲಿ ಡಾಕ್ಟರ್ ಸಂಜೀವ್ ಅರೋರಾ ಹೆಪಟೈಟಿಸ್ ಸಿ ಚಿಕಿತ್ಸೆಗಾಗಿ ಶುರು ಮಾಡಿದ ಪದ್ಧತಿ ಅದು.

ಹಾಗಾಗಿ ನಾನು ಒಂದೇ ವಿಷಯ ಒತ್ತಿ ಕೇಳುವುದು. ಇನ್ನೊಂದು ದಿನದ ತರಬೇತಿ ಶಿಬಿರಕ್ಕೆ ಖರ್ಚು ಮಾಡುವ ಬದಲು, ವಾರಕ್ಕೊಂದು ಗಂಟೆಯ ಮೇಲ್ವಿಚಾರಣೆಗೆ ಖರ್ಚು ಮಾಡಿ. ಕಲಬುರಗಿ, ಮಂಗಳೂರು, ಮೈಸೂರಿನ ಕ್ಲಿನಿಕಲ್ ಸೈಕಾಲಜಿಸ್ಟ್‌ಗಳು ಒಂದೇ ಕರೆಯಲ್ಲಿ ಸೇರಲಿ. ಹಳ್ಳಿಯಲ್ಲಿ ನಡೆದ ಮಾತುಕತೆಯನ್ನು ಒಪ್ಪಿಗೆ ಪಡೆದು, ತಾಯಿಯ ಊರು, ಹೆಸರು ಯಾವುದೂ ತಿಳಿಯದ ಹಾಗೆ ಒಟ್ಟಿಗೆ ಕೇಳಲಿ. ಕೆಲಸ ಮಾಡುವ ಕಾರ್ಯಕರ್ತೆಗೆ ಅದಕ್ಕೆ ತಕ್ಕ ಸಂಬಳ ಸಿಗಲಿ. ಈಗಾಗಲೇ ತುಂಬಿ ತುಳುಕುತ್ತಿರುವ ಅವಳ ಕೆಲಸದ ಪಟ್ಟಿಗೆ ಸುಮ್ನೆ ಇನ್ನೊಂದು ಸೇರಿಸಿದರೆ ಆಗುವುದೇನು ಅಂತ ರಾವಲ್ಪಿಂಡಿಯವರು ನೋಡಿದ್ದಾರೆ. ಪರಿಸ್ಥಿತಿ ಕೈ ಮೀರಿದಾಗ, ಜೀವಕ್ಕೆ ಅಪಾಯ ಇದೆ ಅನ್ನಿಸಿದಾಗ, ಆ ಕೇಸ್ ಯಾವ ಆಸ್ಪತ್ರೆಯ ಯಾವ ವೈದ್ಯರ ಹತ್ತಿರ ಹೋಗಬೇಕು ಅನ್ನುವುದು ಮೊದಲ ದಿನವೇ ಬರೆದಿಟ್ಟಿರಲಿ.

ನೀವು ಸೈಕಾಲಜಿಸ್ಟ್ ಆಗಿದ್ದರೆ, ಸೋಷಿಯಲ್ ವರ್ಕ್ ಓದುತ್ತಿದ್ದರೆ, ಥಿಂಕಿಂಗ್ ಹೆಲ್ದಿ ಕೈಪಿಡಿ ವಿಶ್ವ ಆರೋಗ್ಯ ಸಂಸ್ಥೆಯ ಜಾಲತಾಣದಲ್ಲಿ ಉಚಿತವಾಗಿ ಸಿಗುತ್ತದೆ. ಒಮ್ಮೆ ಪೂರ್ತಿ ಓದಿ. ನಿಮ್ಮ ತಾಲೂಕಿನಲ್ಲಿ ಏನು ನಡೆಯುತ್ತದೆ, ಏನು ನಡೆಯುವುದಿಲ್ಲ ಅಂತ ಕಾಮೆಂಟ್‌ನಲ್ಲಿ ಬರೆಯಿರಿ.

ಸ್ಕ್ರೀನ್ ಮೇಲೆ: ಟೆಲಿ ಮಾನಸ್ 14416

ನಿಮಗೋ ನಿಮ್ಮ ಮನೆಯವರಿಗೋ ಈಗಲೇ ಯಾರ ಜೊತೆಗಾದರೂ ಮಾತಾಡಬೇಕು ಅನ್ನಿಸಿದರೆ, 14416ಕ್ಕೆ ಕರೆ ಮಾಡಿ. 2022ರ ಅಕ್ಟೋಬರ್ 10ರಂದು ಶುರುವಾದ ಸರ್ಕಾರದ ಸಹಾಯವಾಣಿ ಇದು. ದುಡ್ಡು ಕೊಡಬೇಕಿಲ್ಲ, ಹಗಲು ರಾತ್ರಿ ಇರುತ್ತದೆ, ಕನ್ನಡದಲ್ಲೇ ಮಾತಾಡಬಹುದು.